ಅರ್ಧ ಸ್ವರ

ಮಾನಿಟರು ತರಬೇಕಾಗುತ್ತದೆ ಅಂದೆ ಫೋನಿನಲ್ಲಿ.
ಅದೇಕೆ, ಅಂದರು ಸ್ಕಿರ್ಮಾಂತಾಸ್.
ಹತ್ತೊಂಬತ್ತು ವರ್ಷದಿಂದ ಈ ಕಂಪ್ಯೂಟರಿಗೆ ಮುಖವಿಲ್ಲ,
ಬಾಯಿ ಮಾತ್ರ.
ಈಗ ಅದೂ ಬಿದ್ದುಹೋಗಿದೆ.

ಹದಿನಾಲ್ಕು ಕಿಲೋದ ಗಾಜಿನ ಡಬ್ಬ ತೊಡೆಯ ಮೇಲೆ,
ಕೌನಸ್‌ನ ಗುಡ್ಡ ಹತ್ತುವ ಹಗ್ಗದ ರೈಲಿನಲ್ಲಿ ಕೂತೆ.
ಎದುರಿನ ಅಜ್ಜಿ ಕೇಳಿದಳು: ಟೀವಿಯಾ? ನಡೆಯುತ್ತದಾ?
ಎಲ್ಲಿ ನಡೆಯುತ್ತದೆ, ನಾನೇ ಹೊರಬೇಕು ಅಂದೆ.

ಒಳಗೆ ನಾಲ್ಕು ಗಂಟೆಗೇ ಕತ್ತಲು.
ದೀಪ ಹಾಕಲಾ?
ಬಲ್ಬು ಇದೆಯೋ ಇಲ್ಲವೋ ನೀನೇ ನೋಡಿ ಹೇಳು.
ಇರಲಿಲ್ಲ.
ಟಾರ್ಚು ಹಲ್ಲಲ್ಲಿ ಕಚ್ಚಿ ಐದು ಸ್ಕ್ರೂ ಬಿಚ್ಚಿದೆ.
ಆರನೆಯದರ ಜಾಗದಲ್ಲಿ
ಪಿಯಾನೋ ತಂತಿಯ ಒಂದು ಗಂಟು.

ಹಳೆಯ ಕಾರ್ಡನ್ನು ಅಲ್ಲಾಡಿಸಿ ಕಿತ್ತೆ,
ಅಲ್ಲಾಡಿಸಬಾರದೆಂದು ಪುಸ್ತಕ ಹೇಳಿದರೂ.
ಹೊಸದೆಂದರೆ ಹೊಸದೇನಲ್ಲ:
ರೀಗಾದ ಗ್ರಂಥಪಾಲಕಿಯೊಬ್ಬಳಿಗೆ ಓದಿಹೇಳುತ್ತಿದ್ದದ್ದು,
ಅವಳು ತೀರಿಕೊಂಡ ಮೇಲೆ ತಮ್ಮ
ಟವೆಲಿನಲ್ಲಿ ಸುತ್ತಿ ಕಳಿಸಿದ್ದು.
ಸೀಳಿಗಿಟ್ಟು ಎರಡು ಹೆಬ್ಬೆರಳಲ್ಲಿ ಒತ್ತಿದೆ. ಕಟಕ್.
ಹಿಂದಿನ ತುದಿ ಕೂತಿಲ್ಲ, ಅಂದರು ಪಕ್ಕದ ಕೋಣೆಯಿಂದ.
ನಿಜ. ಕೂತಿರಲಿಲ್ಲ.

ಒಂದೇ ಒರೆಯಲ್ಲಿ ಎರಡು ಕತ್ತಿ:
ಐದನೆಯ ತಂತು ಕಾರ್ಡಿಗೂ ಬೇಕು, ಬ್ರೈಲ್ ಪ್ರಿಂಟರಿಗೂ ಬೇಕು.
ಅಕ್ಕಿಕಾಳಿನಷ್ಟು ಜಂಪರನ್ನು ಏಳಕ್ಕೆ ಸರಿಸಹೋದರೆ
ಚಿಮುಟದಿಂದ ಜಾರಿ ಕಾರ್ಪೆಟ್ಟಿಗೆ ಬಿತ್ತು.
ಹುಡುಕಿದ್ದು ಅವರೇ, ಬರಿ ಅಂಗೈಯಲ್ಲಿ ಸವರಿ ಸವರಿ.
ನಾನು ಟಾರ್ಚು ಹಿಡಿದು ಸುಮ್ಮನೆ ಬೆಳಗುತ್ತಿದ್ದೆ.

ಡ್ರೈವರು ಎರಡು ಫ್ಲಾಪಿಯಲ್ಲಿತ್ತು.
ಎರಡನೆಯದು ಕರಕರ ಅಂದು ನಿಂತಿತು:
ರದ್ದು, ಮತ್ತೊಮ್ಮೆ, ಸೋಲು, ಯಾವುದಾದರೂ ಒಂದು ಆರಿಸು.
ಮತ್ತೊಮ್ಮೆ.
ಮತ್ತೊಮ್ಮೆ.
ಏಳನೆಯ ಮತ್ತೊಮ್ಮೆಗೆ ಓದಿತು. ಯಾಕೆಂದು ಕೇಳಬೇಡಿ.
ಶುರುವಿನ ಕಡತಕ್ಕೆ ಒಂದು ಸಾಲು ಸೇರಿಸಿದೆ,
ಸಾಲಲ್ಲೊಂದು ಅಕ್ಷರ ತಪ್ಪು, ತಿದ್ದಿದೆ, ಆರಿಸಿ ಹಚ್ಚಿದೆ.

ಸಿ. ಕೋಲನ್. ಹಿಂಗೆರೆ.
ಅಂದಿತು ಯಾರೋ ಗಂಟಲು ಕಟ್ಟಿದವರ ಹಾಗೆ,
ಲಿಥುವೇನಿಯನ್ ಮಾತನ್ನು ಕಡಲಾಚೆಯವರಂತೆ ಮುರಿದು.
ಬಂತು! ಅಂದೆ ನಾನು.
ಅವರು ಕೈಯೆತ್ತಿದರು.
ಜೇಬಿನಿಂದ ಶ್ರುತಿಕವೆ ತೆಗೆದು ಮಂಡಿಗೆ ಬಡಿದು
ಕಿವಿಗಿಟ್ಟುಕೊಂಡರು.
ತಗ್ಗಿದೆ. ಅರ್ಧ ಸ್ವರ, ಒಂದು ಕೂದಲು ಕಡಿಮೆ.
ಇವಳು ಬೇರೆಯವಳು.

ಅರ್ಥವಾಗುತ್ತದಲ್ಲ, ಸಾಲದೇ?
ಶ್ರುತಿ ಕೆಟ್ಟ ಪಿಯಾನೋದಲ್ಲೂ ಹಾಡು ಯಾವುದೆಂದು
ಅರ್ಥವಾಗುತ್ತದೆ ಕಣಮ್ಮ, ಅಂದರು.
ಆದರೂ ಜನ ನನ್ನನ್ನು ಕರೆಯುತ್ತಾರೆ.

ಕಾರ್ಡಿನ ಮೂಲೆಯಲ್ಲಿ ಬೆಳ್ಳಿಬಣ್ಣದ ಚಿಕ್ಕ ಡಬ್ಬಿ,
ಅದರೊಳಗಿನ ಸ್ಫಟಿಕವೇ ತಾಳ ಹಾಕುವುದು.
ಹಳೆಯದರ ಮೇಲಿನ ಅಂಕಿ ಬೇರೆ, ಇದರದು ಬೇರೆ.
ರೀಗಾದವಳಿಗೆ ನಿಧಾನ ಬೇಕಿತ್ತೇನೋ.
ಮತ್ತೆ ಬಿಚ್ಚಿದೆ. ಬೆಸುಗೆ ಕಾಸಿದೆ.
ರಾಳದ ಹೊಗೆಗೆ ಮೂಗರಳಿಸಿ ಅವರು:
ವಯೋಲಿನ್ ಅಂಗಡಿ!
ಆ ಸಂಜೆ ನಕ್ಕದ್ದು ಅದೊಂದೇ ಸಲ.

ಸತ್ತ ಕಾರ್ಡಿನ ಸ್ಫಟಿಕ ಸತ್ತಿರಲಿಲ್ಲ.
ಸಿ. ಕೋಲನ್. ಹಿಂಗೆರೆ.
ಕವೆಯನ್ನು ಬಡಿಯಲೇ ಇಲ್ಲ ಅವರು,
ಕುರ್ಚಿ ಎಳೆದುಕೊಂಡು ಪಟ್ಟಿ ತೆರೆದರು:
ಮೂರನೆಯ ಮಹಡಿ. ಎಡಬಾಗಿಲು. ನಾಯಿ ಕಚ್ಚುತ್ತದೆ.
ಕೆಳಗಿನ ಎಫ್ ಮನೆ ಅಂಟಿಕೊಳ್ಳುತ್ತದೆ.
ಆ ನಾಯಿ ಹೋಗಿ ಹನ್ನೆರಡು ವರ್ಷ, ಅಂದರು.
ಅಳಿಸಲಿಲ್ಲ.

ಮಾನಿಟರಿನ ತಂತಿ ಕಿತ್ತೆ. ಮಾತು ನಿಲ್ಲಲಿಲ್ಲ.

ಇಳಿಯುವ ರೈಲಿನ ಟಿಕೆಟ್ಟಿಗೆ ಚಿಲ್ಲರೆ ಹುಡುಕುವಾಗ
ನಾಣ್ಯದ ಜೊತೆ ಕೈಗೆ ಬಂತು
ರೀಗಾದವಳ ಸ್ಫಟಿಕ,
ಇನ್ನೂ ಸ್ವಲ್ಪ ಬೆಚ್ಚಗೆ.