ಫ್ಯೂಸು

ಯೆರೆವಾನಿನ ಆ ಎರಡನೆಯ ಚಳಿಗಾಲ
ಕರೆಂಟು ಬರುತ್ತಿದ್ದದ್ದು ದಿನಕ್ಕೊಂದೇ ಗಂಟೆ,
ಅದೂ ಕಳ್ಳನ ಹಾಗೆ, ನಡುರಾತ್ರಿ ಕಳೆದ ಮೇಲೆ.
ಗಡಿಯಲ್ಲಿ ಯುದ್ಧ. ರೈಲು ಬಂದಿಲ್ಲ, ಗ್ಯಾಸು ಬಂದಿಲ್ಲ.
ತಲೆಗಿಷ್ಟು ಗ್ರಾಮೆಂದು ತೂಗಿ ಕೊಟ್ಟ ಬ್ರೆಡ್ಡು
ಕೋಟಿನೊಳಗೆ, ಎದೆಗವಚಿಕೊಂಡು ಮನೆಗೆ.

ಗೋಡೆಯಗುಂಟ ಸತ್ತು ನಿಂತಿತ್ತು
ಐದು ಮಹಡಿಗೂ ಬಿಸಿನೀರು ಹರಿಸುತ್ತಿದ್ದ ಕಬ್ಬಿಣದ ಕೊಳವೆ.
ಅದಕ್ಕೆ ಮಾತು ಕಲಿಸಿದವಳು ಕೆಳಮನೆಯ ಆರ್ಪೆನಿಕ್:
ಚಮಚದ ಒಂದು ಬಡಿತ, ಕರೆಂಟು ಬಂತು, ಏಳಿ.
ಎರಡು, ಬ್ರೆಡ್ಡಿನ ಸಾಲು ಶುರುವಾಯಿತು.
ಮೂರರ ಅರ್ಥ ಯಾರೂ ಹೇಳಿಕೊಡಲಿಲ್ಲ,
ಕೇಳಿದ ದಿನ ಅಜ್ಜಿಯರಿಗೆ ತಾನಾಗಿ ತಿಳಿಯಿತು.

ವಹಿಯೂ ಅವಳದೇ, ಮಗನ ಹಳೆಯ ಲೆಕ್ಕದ ಪುಸ್ತಕ.
ಮಹಡಿಗೊಂದೇ ಕರೆಂಟಿನ ಒಲೆ, ನಾಲ್ಕು ಮನೆಗೆ ಸರದಿ.
ಹೆಚ್ಚಿಗೆ ಹಚ್ಚಿದರೆ ಇಡೀ ಕಟ್ಟಡದ ಫ್ಯೂಸು ಹೋಗುತ್ತದೆ.
ಕೆಳಗೆ ಎಲ್ಲರ ಸಹಿ.
ಅಪ್ಪನದೂ ಇತ್ತು, ನೀಲಿ ಶಾಯಿ, ದುಂಡಗಿನ ಅಕ್ಷರ.

ಫೆಬ್ರವರಿಯ ಒಂದು ರಾತ್ರಿ ತಮ್ಮನ ಮೈ ಕಾದ ಹಂಚು.
ಸರದಿ ಪಕ್ಕದ ಮನೆಯದೆಂದು ಗೊತ್ತಿದ್ದೂ
ಅಪ್ಪ ಎರಡನೆಯ ಒಲೆ ಸಿಕ್ಕಿಸಿದ.
ಟಪ್.
ಇಪ್ಪತ್ತು ಮನೆ ಕತ್ತಲು.
ಯಾರದೋ ಗಂಜಿ ಅರ್ಧ ಕುದಿದು ನಿಂತಿತು.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದು.
ನಾಲ್ಕನೇ ಮಹಡಿಯ ಹ್ರಾಂತ್, ಟ್ರಾಮ್ ಓಡಿಸುತ್ತಿದ್ದವನು,
ಮೇಣದಬತ್ತಿ ಹಿಡಿದು ಇಳಿದು ಬಂದ.
ಅಪ್ಪನಿಗೆ ಬೈದ, ಅಪ್ಪನ ಅಪ್ಪನಿಗೂ ಬೈದ,
ಬೈಯುತ್ತಲೇ ತಾಮ್ರದ ಎಳೆ ಸುತ್ತಿ ಫ್ಯೂಸು ಕಟ್ಟಿದ,
ಬೈಯುತ್ತಲೇ ಒಳಗೆ ಬಂದು ತಮ್ಮನ ಹಣೆ ಮುಟ್ಟಿದ.
ಮಾತು ಅಲ್ಲಿಗೆ ನಿಂತಿತು.

ಬೆಳಿಗ್ಗೆ ವಹಿಯಲ್ಲಿ ಆರ್ಪೆನಿಕ್ ಬರೆದದ್ದು:
ಮೂರನೇ ಮಹಡಿ, ಎರಡು ಒಲೆ, ಜ್ವರ ಇಳಿಯುವ ತನಕ.
ನಾಲ್ಕನೇ ಮಹಡಿ, ಇಲ್ಲ.
ಪಕ್ಕದಲ್ಲಿ ಹ್ರಾಂತನ ಸಹಿ, ಇನ್ನು ಮೂರು ಮನೆಯವರದು.
ಒಬ್ಬರು ಎಷ್ಟು ಒತ್ತಿ ಬರೆದಿದ್ದರೆಂದರೆ ಹಾಳೆ ಹರಿದಿತ್ತು.
ಮನಸ್ಸಿಲ್ಲದ ಸಹಿಯೂ ಸಹಿಯೇ.

ಒಂಬತ್ತು ರಾತ್ರಿ ನಮ್ಮ ತಲೆಯ ಮೇಲೆ
ಅವರು ಚಳಿಗೆ ನಡೆದಾಡುವುದು ಕೇಳುತ್ತಿತ್ತು,
ಈ ಗೋಡೆಯಿಂದ ಆ ಗೋಡೆಗೆ,
ಮತ್ತೆ ಈ ಗೋಡೆಗೆ.

ಈಗ ಕರೆಂಟು ಹೋಗುವುದಿಲ್ಲ.
ಕೊಳವೆಗೆ ಯಾರೋ ಬಿಳಿ ಬಣ್ಣ ಬಳಿದಿದ್ದಾರೆ.
ತಮ್ಮನ ತಲೆ ಬೋಳಾಗುತ್ತಿದೆ, ಇದೊಂದೂ ಅವನಿಗೆ ನೆನಪಿಲ್ಲ.
ಅಪ್ಪ ಮಾತ್ರ, ಇದ್ದಷ್ಟು ದಿನವೂ,
ಒಲೆ ಹಚ್ಚುವ ಮುನ್ನ ಒಮ್ಮೆ ಕತ್ತೆತ್ತಿ ಮೇಲೆ ನೋಡುತ್ತಿದ್ದ.
ಅಮ್ಮ ಅದನ್ನು ಪ್ರಾರ್ಥನೆಯೆಂದೇ ತಿಳಿದಿದ್ದಳು.
ಮೇಲಿದ್ದದ್ದು ನಾಲ್ಕನೇ ಮಹಡಿ.