ಓರಾ ಬರುವ ಮುಂಚೆ

ಬೆಳಗಿನ ಗಾಳಿಗೆ ಇಲ್ಲಿ ಪೆಲೇರ್ ಎನ್ನುತ್ತಾರೆ, ಬಡಗಣದ್ದು.
ಅದು ದಣಿದು ಕೂತ ಮೇಲೆ,
ಸರೋವರದ ಕಡೆಯಿಂದ ಓರಾ ಏಳುವ ತನಕ
ನಡುವೆ ಒಂದು ಗಳಿಗೆ, ಯಾರದೂ ಅಲ್ಲದ್ದು.
ಬ್ರೆಂತೋ ಬಂಡೆಯ ತುದಿಯಿಂದ ಹುಡುಗರು ಜಿಗಿಯುವುದು
ಆ ಗಳಿಗೆಯಲ್ಲೇ.

ನಾನು ನಿವೇಸ್. ಕೆಳಗೆ ಕಣಿವೆಯಲ್ಲಿ
ಅಟ್ಟದ ಬಲೆಗಳ ಮೇಲೆ ನೊಸಿಯೋಲಾ ಗೊಂಚಲು ಹರವಿ
ಓರಾಕ್ಕೆಂದೇ ಕಿಟಕಿ ತೆರೆದಿಡುವವಳು.
ಐದು ತಿಂಗಳು ಅದು ಹಣ್ಣಿನ ನೀರು ಕುಡಿಯುತ್ತದೆ,
ಸಕ್ಕರೆ ಮುಟ್ಟುವುದಿಲ್ಲ.
ನನಗೆ ಅದು ಕೂಲಿ ಕೇಳದ ಆಳು.
ಅವರಿಗೆ?

ಅವರಿಗೆ ಏನೆಂದು ಹೇಳಿದವನು ಇಲ್ಮೋ,
ಫಿನ್‌ಲ್ಯಾಂಡಿನವನು, ಕೋಳಿಗೂಡಿನ ಮೇಲಿನ ಕೋಣೆಯ ಬಾಡಿಗೆಯವನು.
ಅಡುಗೆಮನೆಯ ನೆಲದಲ್ಲಿ ಪ್ಯಾರಾಶೂಟ್ ಹರಡಿ
ಮಂಡಿಯೂರಿ ಮಡಿಸುತ್ತಾ, ಕ್ಲಿಪ್ಪು ಹಲ್ಲಲ್ಲಿ ಕಚ್ಚಿಕೊಂಡು:
"ಜಿಗಿದ ಕೂಡಲೇ ಮೈಗೆ ಗಾಳಿಯೇ ಇರುವುದಿಲ್ಲ, ನಿವೇಸ್.
ಬೀಳುತ್ತಾ ಬೀಳುತ್ತಾ ನಮ್ಮ ಗಾಳಿ ನಾವೇ ಸಂಪಾದಿಸಬೇಕು.
ಬಡವನಾಗಿದ್ದಾಗ ಬಟ್ಟೆ ಬಿಚ್ಚಿದರೆ
ಪಕ್ಕದಿಂದ ಬಂದ ಸಣ್ಣ ಸುಳಿಯೂ ಯಜಮಾನ.
ಇನ್ನಷ್ಟು ತಡೆದೆಯೋ, ಅದೇ ಸುಳಿ ನೊಣ."

ಹಾಗಾದರೆ ಹೆದರಿ ಬೇಗ ಎಳೆದವನಿಗೇ
ಗಾಳಿ ದೊಡ್ಡದು ಅನ್ನು, ಎಂದೆ.
ಅವನು ನಗಲಿಲ್ಲ. ಕ್ಲಿಪ್ಪು ಬಾಯಿಂದ ತೆಗೆದು
ಎಡಗಡೆಯ ಮಡಿಕೆಗೆ ಹಾಕಿದ.

ಆ ಸೋಮವಾರ ಓರಾ ಹನ್ನೊಂದಕ್ಕೇ ಬಂತು.
ಮೊದಲು ಗೊತ್ತಾದದ್ದು ನನ್ನ ಮೂಗಿಗೆ:
ಅಟ್ಟದಲ್ಲಿ ದ್ರಾಕ್ಷಿಯ ವಾಸನೆ ಇದ್ದಕ್ಕಿದ್ದಂತೆ ತೆಳುವಾಯಿತು.
ಮೇಲೆ ಅವರು ನೂಲೆಳೆ ಇಳಿಬಿಟ್ಟು ನೋಡುತ್ತಾರಂತೆ.
ನೂಲಿಗೆ ಗೊತ್ತಿರುವುದು ತನ್ನ ಮೊಳದಷ್ಟು ಗಾಳಿ.
ಕೆಳಗಿನದು ನನಗೆ ಗೊತ್ತು,
ಕೂಗಿದರೆ ಕೇಳುವ ದೂರವಲ್ಲ.
ಫೋನು ಹುಡುಕುವಷ್ಟರಲ್ಲಿ

ಬಟ್ಟೆಯ ಒಂದು ಮಗ್ಗುಲು ಉಬ್ಬಿತ್ತು,
ಇನ್ನೊಂದಕ್ಕೆ ಇನ್ನೂ ನಿದ್ದೆ.
ಇಡೀ ಕಿತ್ತಳೆ ಬಣ್ಣ ಗಕ್ಕನೆ ತಿರುಗಿ
ಕಣಿವೆಗೆ ಬೆನ್ನು, ಬಂಡೆಗೆ ಮುಖ.
ಒದ್ದೆ ದುಪ್ಪಟಿ ಒದರಿದಂಥ ಸದ್ದು
ಆಮೇಲೆ ಬಂತು, ಏನೂ ಗೊತ್ತಿಲ್ಲದವರ ಹಾಗೆ.

ಕೈಯಲ್ಲೊಂದು ಗೊಂಚಲಿತ್ತು.
ಎಲ್ಲಿಟ್ಟೆನೋ, ಇವತ್ತಿಗೂ ಸಿಕ್ಕಿಲ್ಲ.
ಅವನು ಹಿಂದಿನ ಪಟ್ಟಿ ಜಗ್ಗಿರಬೇಕು;
ಕಿತ್ತಳೆ ತಡವರಿಸಿತು,
ಕಲ್ಲಿನ ಅಪ್ಪಣೆ ಕೇಳುವಂತೆ ಬಾಗಿ
ಹೊರಳಿತು.

ಸೆವೆರಿನೋನ ಬಳ್ಳಿಸಾಲಿನ ಮೇಲೆ ಬಿದ್ದ.
ಹನ್ನೆರಡು ಕಂಬ ಮುರಿದವು, ಒಂದು ಕಣಕಾಲು.
ಸೆವೆರಿನೋ ಬರೆದಿಟ್ಟುಕೊಂಡದ್ದು ಕಂಬದ ಲೆಕ್ಕ.

ಗಾಳಿ ಬಂದಾಗ ತೂರಿಕೋ ಎಂಬುದು ಕಾಳಿನ ಮಾತು.
ತನ್ನನ್ನೇ ತೂರಿಕೊಳ್ಳುವವನಿಗೆ
ಗಾಳಿ ಬರುವ ಮುಂಚೆ,
ಇಲ್ಲವೇ ನಾಳೆ.

ಈಸ್ಟರಿನ ಮುಂಚಿನ ವಾರ ದ್ರಾಕ್ಷಿ ಹಿಂಡುತ್ತೇವೆ.
ಇಲ್ಮೋ ಬಂದಿದ್ದ, ಊರುಗೋಲಿಲ್ಲದೆ, ಕುಂಟುತ್ತಾ.
ಅಷ್ಟು ಹಣ್ಣಿಗೆ ಇಷ್ಟೇನಾ ರಸ, ಎಂದ.
ಉಳಿದದ್ದು ಓರಾ ಕುಡಿಯಿತು, ಎಂದೆ.
ಬೆರಳು ಅದ್ದಿ ನೆಕ್ಕಿದ. ಬಹಳ ಹೊತ್ತು ಸುಮ್ಮನಿದ್ದು,
"ಆವತ್ತು ಎಷ್ಟು ಎಣಿಸಿ ಎಳೆದೆ ಗೊತ್ತಾ?
ಮೂರು. ಯಾಕೋ ಹೆದರಿಕೆಯಾಯಿತು."

ಈಗ ದಿನಾ ಬೆಳಿಗ್ಗೆ ಅಟ್ಟದ ಕಿಟಕಿಗೆ
ಕೆಂಪು ಟವಲು ಕಟ್ಟುತ್ತೇನೆ.
ಒಳಕ್ಕೆ ಉಬ್ಬಿದರೆ ಓರಾ.
ಅಷ್ಟು ಎತ್ತರದಿಂದ ಅದು ಅವರಿಗೆ ಕಾಣುತ್ತದೋ ಇಲ್ಲವೋ.
ಕಾಣುತ್ತದೆ ಎನ್ನುತ್ತಾನೆ ಇಲ್ಮೋ.
ಸುಳ್ಳು ಹೇಳುವಾಗ ಅವನ ಕಿವಿ
ಟವಲಿಗಿಂತ ಕೆಂಪು.