ಎಡಗಾಲ ಹಿಮ್ಮಡ

ಅಕ್ಕನ ಮಗ ಮಾಳಪ್ಪನ ಬೆಲಿ
ಹನ್ನೊಂದೂವರಿ ಕ್ರೆಡಿಟ್.
ನಾ ಕಟ್ಟಿದ್ದಲ್ಲ. ಮೊಬೈಲಿನ್ಯಾಗ ಬರದಿತ್ತು,
ಅವನ ಫೋಟೋದ ಬಾಜೂಕ.
ಫೋಟೋದಾಗ ಕೈ ಕಟಗೊಂಡು ನಿಂತಾನ,
ಕೊಟ್ಟ ರೊಕ್ಕ ಕೇಳಾಕ ಬಂದವರಂಗ.

ಉಮದಿಯ ಮಣೂಕದ ಶೆಡ್ಡಿನ್ಯಾಗ ನನ್ನ ಕೆಲಸ ಆರಿಸೂದು.
ಹಸರಂದು ಒಂದ ಕಡೆ, ಹಳದಿದು ಒಂದ ಕಡೆ,
ಕರೇದು ಬುಟ್ಟಿಗೆ, ಕಡ್ಡಿ ನೆಲಕ್ಕ.
ಹದಿನಾರು ವರ್ಸ ಆತು. ಯಾವುದರಾಗ ಹುಳಿ ಉಳದೈತಿ ಅಂತ
ಕಣ್ಣಿಗಿಂತ ಮೊದಲ ಬಟ್ಟು ಹೇಳತಾವ.
ಅದಕ್ಕ ದಸ್ತಗೀರ ಅಂದಿದ್ದ, ಬುತ್ತಿ ಬಿಚ್ಚುವಾಗ:
"ಆರಿಸೂದು ನಿನಗ ಬರತೈತಿ ಕಾಕಾ.
ಏಳು ಮಂದೀನ ಆರಸು. ನೂರು ಕ್ರೆಡಿಟ್ಟು.
ಬರೇ ನಲವತ್ತೊಂಬತ್ತು ರೂಪಾಯಿ."

ಮೊದಲ ಐದು ಆಟಕ್ಕ ಮಾಳಪ್ಪನ್ನ ಕ್ಯಾಪ್ಟನ್ ಮಾಡಿದೆ.
ರಕ್ತ ಅಂತ ಒಂದು ಇರತೈತೆಲ್ಲ.
ಅಂವ ಐದೂ ಆಟದಾಗ ಬೆಂಚಿನ ಮ್ಯಾಲ
ಟಾವೆಲ್ ಹೊತಗೊಂಡು ಕುಂತ.
ಕ್ಯಾಪ್ಟನ್ ಅಂದ್ರ ಎರಡು ಪಟ್ಟು.
ಸೊನ್ನಿಗೆ ಎರಡು ಪಟ್ಟು ಎಷ್ಟಂತ
ನಮ್ಮೂರ ಕನ್ನಡ ಸಾಲ್ಯಾಗೂ ಕಲಿಸ್ಯಾರ,
ಮರಾಠಿ ಸಾಲ್ಯಾಗೂ ಕಲಿಸ್ಯಾರ.

ಆರನೇದಕ್ಕ ಕೈ ಬಿಟ್ಟೆ.
ಬಿಟ್ಟ ದಿನಾನ ಅವನ ಹೆಸರ ಮುಂದ
ಹಸರು ಚುಕ್ಕಿ ಹತ್ತಿತು, ಇವತ್ತ ಆಡತಾನ ಅಂತ.
ಬಾಗಲಾ ಮುಚ್ಚಾಕ ಇನ್ನ ಹತ್ತು ನಿಮಿಷ.
ಬದಲಿ ಮಾಡಾಕ ಬರತಿತ್ತು.
ಆದ್ರ ಎದುರ ಟೀಮಿನ್ಯಾಗ ಬಲಮೂಲಿಗೆ ಒಬ್ಬ ಇದ್ದ,
ಹರಿಯಾಣದ ಹುಡುಗ, ಹೆಸರು ನನ್ನ ನಾಲಿಗ್ಯಾಗ ಹೊಳ್ಳಂಗಿಲ್ಲ,
ಪಾದ ಹಿಡದನಂದ್ರ ಬಿಡಾಂವಲ್ಲ.

ಮಾಳಪ್ಪ ಹೊಳ್ಳುವಾಗ ಎಡಗಾಲ ಹಿಮ್ಮಡ
ಒಂದು ಗಳಿಗಿ ಹಿಂದ ಉಳಿತೈತಿ.
ಹನ್ನೆರಡು ವರ್ಸದಾಂವ ಇದ್ದಾಗಿಂದ.
ಇದು ಯಾವ ಅಂಕಿಯೊಳಗೂ ಇಲ್ಲ.
ಸಾಲಿ ಹಿಂದಿನ ಬಯಲಾಗ ಅವನ್ನ
ನೂರು ಸಲ ಕೆಡವಿದಾಂವ ನಾನು.
ನನ್ನ ಮೊಣಕಾಲಿಗೆ ಗೊತ್ತು, ನನಗ ಗೊತ್ತು.

ಹರಿಯಾಣದವನ್ನ ಕ್ಯಾಪ್ಟನ್ ಮಾಡಿದೆ.

ಅಕ್ಕನ ಮನ್ಯಾಗ ಟೀವಿ. ಓಣಿಗೆ ಓಣೀನ ಬಂದಿತ್ತು.
ಅಕ್ಕ ದೊಡ್ಡ ತಾಟಿನ್ಯಾಗ ಚುರಮರಿ ಹಚ್ಚಿದ್ಲು.
ನಾ ಹಿಂದ, ಜೋಳದ ಚೀಲಕ್ಕ ಆತು ಕುಂತಿದ್ದೆ,
ಕಂಬಳಿಯೊಳಗ ಮೊಬೈಲು.
ಮಾಳಪ್ಪ ತೊಡಿ ತಟ್ಟಿ ಒಳಗ ಹೋದ.
ಬಲಕ್ಕ ತೋರಿಸಿ ಎಡಕ್ಕ ಒದ್ದ. ಹೊಳ್ಳಿದ.

"ಹಿಡಿ!"

ಅಂದದ್ದು ನನ್ನ ಬಾಯಿ.

ಹಿಡದ.
ಓಣಿ ಪೂರಾ ಅಯ್ಯಯ್ಯಯ್ಯೋ ಅಂತು.
ಕಂಬಳಿಯೊಳಗ ಮೊಬೈಲು ಮಿಡತಿಯಂಗ ನಡಗಿತು.
ನಲವತ್ತೊಂದು ಸಾವಿರದಿಂದ ಒಂಬತ್ತು ಸಾವಿರಕ್ಕ
ಹತ್ತಿದೆ ನಾನು, ಕುಂತಲ್ಲೇ.

ಅಕ್ಕ ಹೊಳ್ಳಿ ನೋಡಿದ್ಲು. ಸತ್ತೆ ಅನಕೊಂಡೆ.
"ಹೌದ ನೋಡ ಬೀರಾ," ಅಂದ್ಲು,
"ಉಸರ ಹಿಡಿ, ಉಸರ ಹಿಡಿ ಅಂತ ನೀನ ಕಲಿಸಿದ್ದೆಲ್ಲ,
ಕೂಸು ಮರತ ಬಿಟ್ಟಿತು."
ಚುರಮರಿ ತಾಟು ಮೊದಲ ನನ್ನ ಕಡೆ ಸರಿಸಿದ್ಲು.
ತಿಂದೆ. ಖಾರ ಛಲೋ ಇತ್ತು.

ನೂರಾ ಮೂವತ್ತು ರೂಪಾಯಿ ಬಂತು ಅವತ್ತು.
ಅದರಾಗ ನಲವತ್ತೊಂಬತ್ತು ನಂದ.
ಉಳದದ್ದು ಯಾರದು ಅಂತ
ಕೇಳಿದ್ರ ದಸ್ತಗೀರ ನಕ್ಕ.

ರಾತ್ರಿ ಹನ್ನೊಂದಕ್ಕ ಫೋನು, ಮಾಳಪ್ಪಂದು.
ಪಾದಕ್ಕ ಬರಫ ಇಟಗೊಂಡ ಕುಂತೇನಿ ಅಂದ.
"ಎಲ್ಲಿ ತಪ್ಪಿದೆ ಮಾಮಾ?"
ಹೇಳಿದೆ. ಹಿಮ್ಮಡ, ಹೊಳ್ಳೂದು, ಒಂದು ಗಳಿಗಿ.
ಭಾಳ ಹೊತ್ತ ಸುಮ್ಮನಿದ್ದ.
ಆಮ್ಯಾಲ, ದನಿಯೊಳಗ ಸಿಟ್ಟಿಲ್ಲ, ಏನಿಲ್ಲ,
"ಮೊದಲ ಯಾಕ ಹೇಳಲಿಲ್ಲ?"

ಮಣೂಕದ ಅಂಟು ಹೋಗದ ಬಟ್ಟಿನ್ಯಾಗ
ಮೊಬೈಲ ಕಿವಿಗೆ ಒತ್ತಿ ಹಿಡದೆ.
ಉಸರೂ ಹಿಡದೆ.
"ಹಲೋ," ಅಂದ ಅಂವ, "ಹಲೋ, ಮಾಮಾ?
ಉಮದ್ಯಾಗ ಇನ್ನೂ ರೇಂಜ ಇಲ್ಲೇನ?"